ಹಲಗೆಯ ಮೇಲಿನ ಬಿಳಿ ಬಿಲ್ಲೆ

ಮಾರ್ಚ್ ೪

ಸಂಘದ ಕಾರ್ಯದರ್ಶಿಗಳು ಇವತ್ತು ನನ್ನ ಕೈಪಿಡಿಯ ಎರಡು ಪುಟಗಳನ್ನು ಪೂರ್ತಿ ಹೊಡೆದುಹಾಕಿದರು. ‘ಸಂಜೆಯ ಹೊನ್ನಿನಲ್ಲಿ ಮಿಂದೇಳುವ ಮರಳು ಕೊಲ್ಲಿ’ ಎಂದು ಶುರುವಾಗುವ ಪುಟಗಳು. ನನಗೆ ಇಷ್ಟವಾಗಿದ್ದವು.

“ಕವಿಗಳೇ, ಗಾಳಿಗೆ ಸಿಕ್ಕಿ, ಒದ್ದೆಯಾಗಿ, ನಡುಗ್ತಾ ಇರೋನು ಇದನ್ನ ತೆಗೆದು ನೋಡ್ತಾನೆ. ಅವನಿಗೆ ಬೇಕಾದ್ದು ಆಳ ಎಷ್ಟು, ತಳ ಮಣ್ಣೋ ಕಲ್ಲೋ, ಲಂಗರು ಹಿಡಿಯುತ್ತೋ ಇಲ್ವೋ. ಹೊನ್ನನ್ನ ಅವನೇ ನೋಡ್ಕೊಳ್ತಾನೆ ಬಿಡಿ,” ಅಂದರು. ಮೊದಲು ಪ್ರಯಾಣಿಕರ ಲಾಂಚು ನಡೆಸುತ್ತಿದ್ದವರು. ಕೆಂಪು ಪೆನ್ನನ್ನೂ ಚುಕ್ಕಾಣಿಯ ಹಾಗೆಯೇ ಹಿಡಿಯುತ್ತಾರೆ.

ಹಾಯಿದೋಣಿ ಸಂಘದಲ್ಲಿ ನನ್ನ ಕೆಲಸ ಇದು: ಈ ಸರೋವರದಲ್ಲಿ ಸುತ್ತಾಡಲು ಬರುವವರಿಗೂ ಪಂದ್ಯಕ್ಕೆ ಬರುವವರಿಗೂ ಒಂದು ಕೈಪಿಡಿ ಬರೆಯುವುದು. ಎಲ್ಲಿ ತಂಗಬಹುದು, ಕುಡಿಯುವ ನೀರು ಎಲ್ಲಿ, ಡೀಸೆಲ್ ಎಲ್ಲಿ, ಮಧ್ಯಾಹ್ನದ ಗಾಳಿ ಗುಡ್ಡಗಳ ಯಾವ ಸಂದಿಯಿಂದ ನುಗ್ಗುತ್ತದೆ, ಎಲ್ಲ. ಈ ದಡದಲ್ಲಿ ನಿಂತರೆ ಆ ದಡ ಕಾಣುವುದಿಲ್ಲ. ಊರಿನವರು ಇದನ್ನು ಸರೋವರ ಅನ್ನುವುದೂ ಇಲ್ಲ. ‘ನೀರು’ ಅಷ್ಟೆ. ‘ಮಗ ಎಲ್ಲಿ?’ ‘ನೀರಿಗೆ ಹೋಗಿದಾನೆ.’

ಇನ್ನೊಂದು ಕೆಲಸವನ್ನೂ ವಹಿಸಿದ್ದಾರೆ, ನಾನು ಮಾಡಿಲ್ಲ. ಬೆಳಿಗ್ಗೆ, ಸಂಜೆ ರೇಡಿಯೋದಲ್ಲಿ ದೋಣಿಗಳಿಗೆ ಗಾಳಿ ಮತ್ತು ನೀರಿನ ಮಟ್ಟ ಓದಿ ಹೇಳುವುದು. ಮೈಕು ಹಿಡಿದರೆ ನನ್ನ ನಾಲಿಗೆ ಅಂಗುಳಕ್ಕೆ ಅಂಟುತ್ತದೆ. ಇವತ್ತೂ ಕಾರ್ಯದರ್ಶಿಗಳೇ ಓದಿದರು.

ಬಿಲ್ಲೆಗಳ ಬಗ್ಗೆ ಬರೆದ ಪ್ಯಾರಾ ಮಾತ್ರ ಹಾಗೇ ಉಳಿಯಿತು. ಕಚೇರಿಯ ಜಗುಲಿಯಲ್ಲಿ ಒಂದು ಮರದ ಹಲಗೆ ಇದೆ. ಪ್ರತಿ ದೋಣಿಗೆ ಒಂದು ಮೊಳೆ, ಮೊಳೆಗೊಂದು ತಗಡಿನ ಬಿಲ್ಲೆ, ಒಂದು ಕಡೆ ಕೆಂಪು, ಇನ್ನೊಂದು ಕಡೆ ಬಿಳಿ. ನೀರಿಗಿಳಿಯುವಾಗ ಕೆಂಪು, ದಡಕ್ಕೆ ಬಂದ ಮೇಲೆ ಬಿಳಿ. ಸಂಜೆ ಒಂದು ಬಿಲ್ಲೆ ಕೆಂಪಾಗಿ ಉಳಿದರೂ ಹುಡುಕಲು ಮೋಟಾರು ದೋಣಿ ಹೊರಡುತ್ತದೆ. ಮುಂಚೆ ಬಿಲ್ಲೆಯನ್ನು ಜೊತೆಗೇ ಒಯ್ಯುತ್ತಿದ್ದರಂತೆ, ಅರ್ಧಕ್ಕರ್ಧ ನೀರಿನ ತಳ ಸೇರಿದ ಮೇಲೆ ಬಿಟ್ಟರಂತೆ.

ನಾನು ಬರೆಯದ ಒಂದು ವಿಷಯ: ಅನೇಕ ಸಲ ಬಿಲ್ಲೆ ತಿರುಗಿಸುವುದು ದೋಣಿಯವನಲ್ಲ. ಹಾಯಿ ದೂರದಲ್ಲಿ ಕಂಡ ಕೂಡಲೇ ಮನೆಯವರು ಬಂದು ತಿರುಗಿಸಿಬಿಡುತ್ತಾರೆ. ಅವನು ಮೆಟ್ಟಿಲು ಹತ್ತಿ ಬರುವಷ್ಟರಲ್ಲಿ ಅವನ ಬಿಲ್ಲೆ ಬಿಳಿಯಾಗಿರುತ್ತದೆ. ಚಹಾ ಕಾಯಿಸಿಟ್ಟಿದ್ದೇವೆ ಅಂದ ಹಾಗೆ.

ಮಾರ್ಚ್ ೧೨

ಅಣ್ಣನ ಹೊಸ ಹಾಯಿ ಮುಗಿಯಿತು. ಅಪ್ಪ ಹಾಯಿ ಹೊಲಿಯುವವರು. ಇಲ್ಲಿನ ದೋಣಿಗಳಲ್ಲಿ ಬಹುಪಾಲಿಗೆ ಅವರದೇ ಹೊಲಿಗೆ. ಅಟ್ಟದ ಕೋಣೆಯ ತುಂಬ ಬಟ್ಟೆ ಹರಡಿ, ಮಧ್ಯದಲ್ಲಿ ಹೊಲಿಗೆಯಂತ್ರ ಇಟ್ಟುಕೊಂಡು, ಕಿಟಕಿಯಿಂದ ನೀರು ನೋಡುತ್ತ ಹೊಲಿಯುತ್ತಾರೆ. ದೂರದಲ್ಲಿ ಕಡ್ಡಿಯಷ್ಟು ಹಾಯಿ ಕಂಡರೂ ಯಾರದೆಂದು ಹೇಳಿಬಿಡುತ್ತಾರೆ. “ಮಕ್ಕಳ ನಡಿಗೆ ಗೊತ್ತಾಗಲ್ವಾ, ಹಾಗೆ,” ಅನ್ನುತ್ತಾರೆ.

ಈ ಹಾಯಿಯ ನೆತ್ತಿಗೆ ಇಟ್ಟಿಗೆ ಬಣ್ಣದ ಬಟ್ಟೆ ಹಾಕಿದ್ದಾರೆ. ಉಳಿದ ತುಂಡನ್ನು ಉದ್ದಣ್ಣನ ಹರಿದ ಹಾಯಿಗೆ ತೇಪೆ ಹಾಕಿಕೊಟ್ಟರು. ಉದ್ದಣ್ಣ ಅಂದರೆ ಅಣ್ಣನ ಜೊತೆಗಾರ, ಬಾಗಿಲಲ್ಲಿ ತಲೆ ಬಗ್ಗಿಸಿಯೇ ಬರುವ ಆಸಾಮಿ.

ಊಟಕ್ಕೆ ಕೂತಾಗ ಅತ್ತಿಗೆ, “ನನ್ನ ಸೀರೆಗೆ ಅಂಚು ಹೊಲ್ಕೊಡಿ ಅಂತ ಕೇಳಿ ಹಳೇದಾಯ್ತು. ದೋಣಿಗೆ ನೋಡಿ, ಕೇಳೋಕೆ ಮುಂಚೆ ಹೊಲಿದಾಯ್ತು,” ಅಂದರು.

“ದೋಣಿ ಎದುರು ಮಾತಾಡಲ್ಲ ಕಣಮ್ಮ,” ಅಂದರು ಅಪ್ಪ.

“ಮಾತಾಡದವರಿಗೇ ಈ ಮನೇಲಿ ಬೆಲೆ. ನಿಮ್ಮ ಮಗಳನ್ನ ನೋಡಿ ಮಾವ, ಬಾಯಿಗೆ ಬೀಗ ಹಾಕ್ಕೊಂಡು ರಾಣಿ ಹಾಗಿದಾಳೆ.”

“ಅವಳು ಮಾತಾಡಲ್ಲ, ಬರೀತಾಳೆ,” ಅಂದ ಅಣ್ಣ. “ನಾಳೆ ನಮ್ಮೆಲ್ಲರ ಬಂಡವಾಳ ಬಯಲು. ಪುಟ್ಟಿ, ನನ್ನ ಬಗ್ಗೆ ಬರೆದರೆ ಗೆದ್ದ ಪಂದ್ಯ ಮಾತ್ರ ಬರಿ.”

“ಹಾಗಾದರೆ ಪುಟ ಖಾಲಿ,” ಅಂದೆ. ಎಲ್ಲರೂ ನಕ್ಕರು. ಅಣ್ಣ ನನ್ನ ತಟ್ಟೆಯಿಂದ ಒಂದು ತುತ್ತು ಕದ್ದ.

ಬರುವ ಶನಿವಾರ ದೊಡ್ಡ ಸುತ್ತು. ಒಬ್ಬೊಬ್ಬರೇ ದೋಣಿ ನಡೆಸಿ ನೀರನ್ನು ಪೂರ್ತಿ ಸುತ್ತಿ ಬರುವ ಪಂದ್ಯ.

ಮಾರ್ಚ್ ೧೮

ಪಂದ್ಯ ನಿಂತುಹೋಯಿತು. ಮಧ್ಯಾಹ್ನದ ಹೊತ್ತಿಗೆ ಗುಡ್ಡದ ಸಂದಿ ಕಪ್ಪಾಯಿತು, ಗಾಳಿ ಒಮ್ಮೆಲೇ ದಿಕ್ಕು ಬದಲಿಸಿತು. ಕಾರ್ಯದರ್ಶಿಗಳು ರದ್ದು ಬಾವುಟ ಏರಿಸಿ, ‘ಹತ್ತಿರದ ದಡ ಹಿಡೀರಿ’ ಎಂದು ರೇಡಿಯೋದಲ್ಲಿ ಕೂಗಿದರು. ಕೆಲವರು ಉತ್ತರ ಕೊಟ್ಟರು, ಕೆಲವರು ಕೊಡಲಿಲ್ಲ. ಚಿಕ್ಕ ದೋಣಿಗಳ ಕೈರೇಡಿಯೋ ಒದ್ದೆಯಾಗಿ ಮೂಕವಾಗುವುದು ಹೊಸದಲ್ಲ.

ಜಗುಲಿಯಲ್ಲಿ ಹಲಗೆಯ ಪಕ್ಕ ಕುಳಿತಿದ್ದೆ. ಒಬ್ಬೊಬ್ಬರೇ ತೊಪ್ಪೆಯಾಗಿ ಬಂದು ಬಿಲ್ಲೆ ತಿರುಗಿಸಿದರು. ಕೊನೆಗೆ ಎರಡು ಕೆಂಪು ಉಳಿದವು, ಅಣ್ಣನದು ಮತ್ತು ಉದ್ದಣ್ಣನದು. ಅತ್ತಿಗೆ ಕೊಡೆ ಹಿಡಿದು ಬಂದು ನೋಡಿ ಹೋದರು. ನಾನು ಕೆಂಪನ್ನೇ ನೋಡುತ್ತ ಕೂತೆ.

ಬೆಳಕು ಇಳಿಯುತ್ತಿದ್ದಾಗ ಅಪ್ಪ ಓಡಿ ಬಂದರು. ತಲೆ ಮೇಲೆ ಗೋಣಿ. “ಬಂದ, ಬಂದ. ಮೂಲೆ ಬಂಡೆ ಹತ್ರ ಕಂಡೆ, ಇಟ್ಟಿಗೆ ನೆತ್ತಿ. ಮರಳು ಕೊಲ್ಲಿಗೆ ತಿರುಗಿದ,” ಎಂದು ಹೇಳುತ್ತ ಅಣ್ಣನ ಬಿಲ್ಲೆಯನ್ನು ಬಿಳಿ ಮಾಡಿದರು.

“ನೀವೇ ನೋಡಿದ್ರಾ ಮೇಸ್ತ್ರಿ?” ಎಂದು ಕಾರ್ಯದರ್ಶಿಗಳು ಕೇಳಿದರು.

“ನಾನು ಹೊಲಿದ ಹಾಯಿ ನನಗೆ ಗೊತ್ತಾಗಲ್ವಾ ಸಾರ್?”

ಅವರು ನಕ್ಕು ತಲೆಯಾಡಿಸಿದರು. ಸ್ವಲ್ಪ ಹೊತ್ತಿಗೆ ಉದ್ದಣ್ಣನ ಫೋನು ಬಂತು, ಹಳೇ ಕಟ್ಟೆಗೆ ಸೇರಿಕೊಂಡೆ ಎಂದು. ಅವನದನ್ನೂ ಬಿಳಿ ಮಾಡಿದೆವು. ಹಲಗೆ ಪೂರ್ತಿ ಬಿಳಿ. ಕಾರ್ಯದರ್ಶಿಗಳು ಉಸಿರು ಬಿಟ್ಟು ಬಾಗಿಲು ಹಾಕಿದರು.

ಮರಳು ಕೊಲ್ಲಿಯಲ್ಲಿ ಲಂಗರು ಹಾಕಿ ಅಲ್ಲೇ ಮಲಗುವುದು ಅಣ್ಣನ ರೂಢಿ. ಹಾಗಾದಾಗೆಲ್ಲ ಅತ್ತಿಗೆ ದಡದ ಹಾದಿಯಲ್ಲಿ ಒಣಬಟ್ಟೆ, ಊಟ ಒಯ್ಯುತ್ತಾರೆ. ಇವತ್ತೂ ಗಂಟು ಕಟ್ಟಿದರು. ಮಳೆ ಬಿಡಲಿಲ್ಲ. “ಬಿಳಿ ಆಗಿದೆಯಲ್ಲ, ಒಂದು ರಾತ್ರಿ ಹಸಿದಿದ್ದರೆ ಏನೂ ಆಗಲ್ಲ,” ಎಂದು ಗಂಟನ್ನು ಬಾಗಿಲ ಪಕ್ಕ ಇಟ್ಟರು.

ಮಾರ್ಚ್ ೧೯

ಮರಳು ಕೊಲ್ಲಿಯಲ್ಲಿ ದೋಣಿ ಇಲ್ಲ. ಬೆಳಿಗ್ಗೆ ಗಂಟು ಹೊತ್ತು ಹೋದ ಅತ್ತಿಗೆ ಗಂಟಿನ ಸಮೇತ ಓಡಿ ಬಂದರು.

ಎಲ್ಲ ದೋಣಿಗಳೂ ಹೊರಟವು. ಉದ್ದಣ್ಣ ಹಳೇ ಕಟ್ಟೆಯಿಂದ ಬಂದ. ಅವನ ಹಾಯಿಯ ನೆತ್ತಿಯ ಬಳಿ ಇಟ್ಟಿಗೆ ಬಣ್ಣದ ತೇಪೆ. ಅಪ್ಪ ಅದನ್ನು ನೋಡಿದರು. ಜಗುಲಿಯ ಮೆಟ್ಟಿಲ ಮೇಲೆ ಕುಸಿದು ಕೂತರು.

ಮಧ್ಯಾಹ್ನದ ಬಿಸಿಲಲ್ಲಿ ಸಿಕ್ಕಿದ. ದೋಣಿ ಮಗುಚಿತ್ತು. ಅಣ್ಣ ಹಗ್ಗದಿಂದ ತನ್ನನ್ನು ದೋಣಿಯ ಮೇಲೆದ್ದ ತಳಕ್ಕೆ ಬಿಗಿದುಕೊಂಡಿದ್ದ. ಗಂಟು ಚೆನ್ನಾಗಿ ಹಾಕಿದ್ದ.

ಮಾರ್ಚ್ ೨೫

ಬರೆಯಲು ಮನಸ್ಸಿಲ್ಲ. ಬರೆಯದಿದ್ದರೂ ನಿದ್ದೆ ಇಲ್ಲ.

ವೈದ್ಯರ ಹತ್ತಿರ ನಾವು ಮೂವರೂ ಹೋಗಿದ್ದೆವು. ನೀರು ಕುಡಿದು ಹೋದದ್ದಲ್ಲ, ಚಳಿಗೆ ಹೋದದ್ದು ಎಂದರು. ಅತ್ತಿಗೆ, “ಎಷ್ಟು ಹೊತ್ತು ಇದ್ರು?” ಎಂದು ಕೇಳಿದರು. ವೈದ್ಯರು ಕನ್ನಡಕ ತೆಗೆದರು, ಒರೆಸಿದರು. “ರಾತ್ರಿ ಬಹಳ ಹೊತ್ತು ಇದ್ದಿರಬೇಕಮ್ಮ. ಬೆಳಗಿನ ಹತ್ತಿರದವರೆಗೂ.”

ಅಂದರೆ ಬಿಲ್ಲೆ ಕೆಂಪಾಗಿಯೇ ಇದ್ದಿದ್ದರೆ. ಮೂವರೂ ಅದನ್ನೇ ಯೋಚಿಸಿದೆವು.

ಅಪ್ಪ ಬಾಯಿಬಿಟ್ಟದ್ದು ಮನೆಗೆ ಬಂದ ಮೇಲೆ. ಮಾತಾಡಿಸಲು ಬಂದವರಿಗೆಲ್ಲ ಅದೇ ಮಾತು: “ನಾನೇ ಬಿಳಿ ಮಾಡಿದೆ. ಅವನು ಅಲ್ಲಿ ಹಗ್ಗ ಬಿಗೀತಿದ್ದ, ನಾನು ಇಲ್ಲಿ ಬಿಳಿ ಮಾಡಿದೆ.” ಬಂದವರು, “ಬಿಡಿ ಮೇಸ್ತ್ರಿ, ಯಾರ ಕೈಲಿದೆ,” ಅನ್ನುತ್ತಾರೆ. ಅಪ್ಪ ತಮ್ಮ ಕೈ ನೋಡಿಕೊಳ್ಳುತ್ತಾರೆ.

ಅತ್ತಿಗೆ ಅಪ್ಪನ ಹತ್ತಿರ ಮಾತಾಡುತ್ತಿಲ್ಲ. ತಟ್ಟೆ ಬಡಿಸಿ ನನ್ನ ಕೈಗೆ ಕೊಡುತ್ತಾರೆ, ನಾನು ಅಪ್ಪನ ಮುಂದಿಡುತ್ತೇನೆ. ಅಪ್ಪ, “ಸಾಕು ಅಂತ ಹೇಳು,” ಅನ್ನುತ್ತಾರೆ, ನನ್ನನ್ನು ನೋಡಿ. ಇಬ್ಬರೂ ಕೂತಿರುವುದು ಒಂದೇ ಕೋಣೆಯಲ್ಲಿ.

ಏಪ್ರಿಲ್ ೩

ಕೆಲಸಕ್ಕೆ ಹೋದೆ. ಕಾರ್ಯದರ್ಶಿಗಳು ನನಗೆ ಕುರ್ಚಿ ಎಳೆದುಕೊಟ್ಟರು, ಯಾವತ್ತೂ ಕೊಟ್ಟವರಲ್ಲ. ಕೈಪಿಡಿಯಲ್ಲಿ ಉಳಿದಿರುವುದು ಸುರಕ್ಷತೆಯ ಭಾಗ. ಅದನ್ನು ನಾನೇ ಬರೆಯಬೇಕು.

“ಬಿಲ್ಲೆ ವಿಷಯ...” ಎಂದು ಶುರುಮಾಡಿ ಅವರು ಕಿಟಕಿಯತ್ತ ತಿರುಗಿದರು. “ಒಂದು ಸಾಲು ಹಾಕಬೇಕು. ಮತ್ತೊಬ್ಬರ ಬಿಲ್ಲೆ ಯಾರೂ ಮುಟ್ಟಬಾರದು ಅಂತ. ಹಾಕಿದರೆ ಊರಿಗೆಲ್ಲ ಗೊತ್ತು ಯಾರಿಗೆ ಹೇಳಿದ್ದು ಅಂತ. ಹಾಕದೆ ಇದ್ದರೆ ಇನ್ನೊಬ್ಬ ಹೋಗ್ತಾನೆ. ನೀವೇ ಹೇಳಿ.”

“ಅಪ್ಪ ತಡ್ಕೊಳ್ಳಲ್ಲ ಸಾರ್.”

“ನಂಗೂ ಹಾಗೇ ಅನ್ನಿಸ್ತು. ಹಲಗೆ ಮೇಲೆ ಚೀಟಿ ಅಂಟಿಸೋಣ ಅಂತ ಹೋದೆ, ಕೈ ಬರಲಿಲ್ಲ.”

ಇಡೀ ದಿನ ಒಂದು ವಾಕ್ಯ ತಿದ್ದಿದೆ. ‘ಬಿಲ್ಲೆಗಳನ್ನು ಆಯಾ ನಾವಿಕರೇ ನಿರ್ವಹಿಸುವುದು ಅಪೇಕ್ಷಣೀಯ.’ ಯಾರಿಗೂ ನೋಯದ ವಾಕ್ಯ. ಯಾರೂ ಓದದ ವಾಕ್ಯ ಎಂದು ಆಮೇಲೆ ಅನ್ನಿಸಿತು. ಆದರೂ ಇರಲಿ ಎಂದು ಬಿಟ್ಟೆ.

ಅಪ್ಪನ ಬಗ್ಗೆ ಹೆದರಿಕೆ. ಸಂಜೆ ದಡಕ್ಕೆ ಹೋಗಿ ಮೊಣಕಾಲಿನವರೆಗೆ ನೀರಲ್ಲಿ ನಿಂತಿದ್ದರು. ಕೂಗಿದೆ. ತಿರುಗಿ ನೋಡಿ, “ಎಷ್ಟು ತಣ್ಣಗಿದೆ ನೋಡ್ತಿದ್ದೆ,” ಅಂದರು.

ಏಪ್ರಿಲ್ ೭

ಕಾರ್ಯದರ್ಶಿಗಳ ಗಂಟಲು ಕಟ್ಟಿದೆ. ಬೆಳಿಗ್ಗೆ, ಸಂಜೆ ನಾನೇ ಓದಿದೆ. ಗಾಳಿ ಪಡುವಣದಿಂದ, ಮಧ್ಯಾಹ್ನ ಜೋರು. ನೀರಿನ ಮಟ್ಟ ಇಳಿದಿದೆ, ಹಳೇ ಕಟ್ಟೆಯ ಬಂಡೆ ಮೇಲೆ ಬಂದಿದೆ. ದೂರ ಇಟ್ಟುಕೊಂಡು ಹೋಗಿ.

ಅಪ್ಪ ಊಟ ಮಾಡಲಿಲ್ಲ.

ಏಪ್ರಿಲ್ ೧೧

ಉದ್ದಣ್ಣ ಹಾಯಿಯನ್ನು ಹೆಗಲ ಮೇಲೆ ಹೊತ್ತು ಬಂದ. ಬಾಗಿಲಲ್ಲಿ ತಲೆ ಬಗ್ಗಿಸಿದವನು ಒಳಗೆ ಬಂದ ಮೇಲೂ ಎತ್ತಲಿಲ್ಲ.

“ಈ ತೇಪೆ ತೆಗೆದುಕೊಡಿ ಮೇಸ್ತ್ರಿ. ಇದನ್ನ ಏರಿಸ್ಕೊಂಡು ನನ್ನ ಕೈಲಿ ಹೋಗೋಕಾಗಲ್ಲ.”

ಅಪ್ಪ ಅಟ್ಟಕ್ಕೆ ಹತ್ತಿ ಹಾಯಿ ಬಿಡಿಸಿದರು. ಅವತ್ತಿನಿಂದ ಆ ಕೋಣೆಗೆ ಕಾಲಿಟ್ಟಿರಲಿಲ್ಲ. ತೇಪೆಯ ಅಂಚನ್ನು ಬೆರಳಿನಿಂದ ತಡವಿದರು. “ಗಟ್ಟಿ ಹೊಲಿದಿದೀನಿ,” ಅಂದರು.

“ಕತ್ತರಿ ಹಾಕಿಬಿಡಿ.”

“ಹಾಯಿ ಹಾಳಾಗುತ್ತೆ. ಹಾಯಿ ಏನು ಮಾಡಿತು?”

ಸೂಜಿ ತೆಗೆದುಕೊಂಡು ಒಂದೊಂದೇ ಹೊಲಿಗೆ ಎತ್ತಲು ಕೂತರು. ಉದ್ದಣ್ಣ ನೆಲದ ಮೇಲೆ ಕೂತು ಇನ್ನೊಂದು ತುದಿ ಹಿಡಿದುಕೊಂಡ. ತೇಪೆಯ ಒಂದು ಅಂಚು ಬಿಚ್ಚಿತು. ಆಮೇಲೆ ಅವನೇ, “ನಾನು ಮೂಲೆ ಬಂಡೆ ಹತ್ರ ಬಂದೋನು ಇಲ್ಲಿಗೇ ಬರಬೇಕಾಗಿತ್ತು. ಗಾಳಿ ಹೆಚ್ಚಾಯ್ತು ಅಂತ ಮರಳು ಕೊಲ್ಲಿ ದಾಟಿ ಹಳೇ ಕಟ್ಟೆಗೆ ಹೋದೆ. ಇಲ್ಲಿಗೆ ಬಂದಿದ್ದರೆ ನೀವು ನೋಡ್ತಿದ್ರಿ, ಇದು ಉದ್ದಣ್ಣ ಅಂತ,” ಅಂದ.

“ಹೊಳೆಯಷ್ಟು ‘ಇದ್ದಿದ್ದರೆ’ ಇದಾವೆ ಕಣೋ,” ಅಂದರು ಅಪ್ಪ. “ಯಾವುದೂ ಕುಡಿಯೋಕಾಗಲ್ಲ.”

ಸೂಜಿಗೆ ಸಿಕ್ಕಿದ ಗಂಟು ಕಾಣದೆ ಕಣ್ಣು ಕಿರಿದು ಮಾಡಿದರು. ಪಕ್ಕ ಕೂತು ನಾನು ಎತ್ತಿಕೊಟ್ಟೆ. ಅತ್ತಿಗೆ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಉದ್ದಣ್ಣನಿಗೆ ಚಹಾ ತಂದುಕೊಟ್ಟರು. ಅಪ್ಪನಿಗೂ ಒಂದು ಲೋಟ ಇತ್ತು, ನನ್ನ ಕೈಗೆ ಕೊಟ್ಟರು.

ಏಪ್ರಿಲ್ ೨೦

ಇವತ್ತು ಗಾಳಿ ಕೆಟ್ಟದಾಗಿತ್ತು. ಮೂರು ಕೆಂಪು. ಬಣ್ಣದಂಗಡಿಯ ಹೆಂಗಸು ಬಂದರು, ಆಕೆಯ ಗಂಡ ನೀರಿನ ಮೇಲಿದ್ದ. ಹುಬ್ಬಿನ ಮೇಲೆ ಕೈಯಿಟ್ಟು ನೀರಿನತ್ತ ನೋಡಿ, ಬಿಲ್ಲೆಗೆ ಕೈ ಚಾಚಿದರು.

ಎದ್ದು ಹೋಗಿ ಅವರ ಮಣಿಕಟ್ಟು ಹಿಡಿದೆ.

“ಏನೇ ಹುಡುಗಿ, ಅಲ್ಲಿ ಬರ್ತಿದಾರಲ್ಲ, ನೋಡು.”

“ಬರಲಿ. ಅವರೇ ತಿರುಗಿಸ್ತಾರೆ.”

“ನನ್ನ ಗಂಡ ನನಗೆ ಗೊತ್ತಾಗಲ್ವೇನೇ?”

ನಾನು ಕೈ ಬಿಡಲಿಲ್ಲ. ಆಕೆ ನನ್ನ ಮುಖ ನೋಡಿದರು. “ಅಯ್ಯೋ ಮಗಳೇ,” ಎಂದು ಬೆಂಚಿನ ಮೇಲೆ ಕೂತರು. ಗಂಡ ಬಂದು ಒದ್ದೆ ಕೈಯಲ್ಲಿ ಬಿಲ್ಲೆ ತಿರುಗಿಸುವವರೆಗೂ ಇಬ್ಬರೂ ಕೂತೇ ಇದ್ದೆವು.

ಯಾರೂ ಏನೂ ಬದಲಿಸಿಕೊಂಡಿಲ್ಲ. ಅಪ್ಪನಿಗೆ ನೋಯಬಾರದೆಂದು ಊರೆಲ್ಲ ಬಾಯಿ ಮುಚ್ಚಿಕೊಂಡಿದೆ. ಮುಚ್ಚಿದ ಬಾಯಿಂದ ಯಾರಿಗೆ ಏನು ಗೊತ್ತಾಗಬೇಕು.

‘ಅಪೇಕ್ಷಣೀಯ’ ತೆಗೆದೆ. ‘ದಡಕ್ಕೆ ಬಂದವನು ತನ್ನ ಬಿಲ್ಲೆಯನ್ನು ತಾನೇ ತಿರುಗಿಸಬೇಕು. ಬೇರೆ ಯಾರೂ ತಿರುಗಿಸಬಾರದು.’ ಅಪ್ಪನಿಗೆ ತೋರಿಸದೆ ಇದನ್ನು ಕಳಿಸಲಾರೆ. ತೋರಿಸಲೂ ಧೈರ್ಯವಿಲ್ಲ.

ಏಪ್ರಿಲ್ ೨೨

ಅತ್ತಿಗೆಗೆ ಮೊದಲು ತೋರಿಸಿದೆ. ಪಾತ್ರೆ ತೊಳೆಯುತ್ತಿದ್ದವರು ಕೈ ಒರೆಸಿಕೊಂಡು ಓದಿದರು. “ಹಾಕು,” ಅಂದರು.

“ಅಪ್ಪ ನೀರಿಗಿಳಿದುಬಿಟ್ರೆ?”

“ಇಳಿಯೋರು ಪುಸ್ತಕ ನೋಡಿ ಇಳಿಯಲ್ಲ.” ಮತ್ತೆ ಪಾತ್ರೆಗೆ ತಿರುಗಿದರು. ಸ್ವಲ್ಪ ಹೊತ್ತಿಗೆ, “ನೀನು ಒಬ್ಬಳೇ ಹೋಗಬೇಡ, ನಾನೂ ಬರ್ತೀನಿ,” ಅಂದರು.

ಅಪ್ಪ ಅಟ್ಟದಲ್ಲಿದ್ದರು. ಹೊಲಿಯುತ್ತಿರಲಿಲ್ಲ. ಉಳಿದ ಬಟ್ಟೆಗಳನ್ನು ಬಣ್ಣದ ಪ್ರಕಾರ ಜೋಡಿಸುತ್ತಿದ್ದರು. ಹಾಳೆಯನ್ನು ಅವರ ಮುಂದಿಟ್ಟೆ. ಕಿಟಕಿಯ ಬೆಳಕಿಗೆ ಹಿಡಿದು ಓದಿದರು, ಮತ್ತೊಮ್ಮೆ ಓದಿದರು.

“ಸರಿಯಿಲ್ಲ,” ಅಂದರು.

“ತೆಗೀತೀನಿ ಅಪ್ಪ. ಬೇರೆ ಥರ ಬರೀತೀನಿ.”

“ತೆಗೀಬೇಡ. ಇದು ಸಾಕಾಗಲ್ಲ ಅಂದೆ. ‘ಬೇರೆ ಯಾರೂ’ ಅಂತ ಬರೆದಿದೀಯ. ಅವತ್ತು ನಾನು ಇದನ್ನ ಓದಿದ್ರೂ ತಿರುಗಿಸ್ತಿದ್ದೆ.” ಹಾಳೆಯನ್ನು ಮೊಣಕಾಲ ಮೇಲೆ ಇಟ್ಟು ಸುಕ್ಕು ಬಿಡಿಸಿದರು. “ನಾನು ಬೇರೆಯವನು ಅಂತ ನಾನು ಅಂದ್ಕೋತಿದ್ನಾ? ನನ್ನ ಮಗ, ನನ್ನ ಹಾಯಿ. ಅಪ್ಪ ಅಂತ ಬರಿ. ಅಪ್ಪ ತಿರುಗಿಸಬಾರದು ಅಂತ.”

ನನ್ನ ಪೆನ್ನು ಮುಂದೆ ಹೋಗಲಿಲ್ಲ.

“ಬರಿಯಮ್ಮ. ಇಲ್ಲದಿದ್ರೆ ಓದೋ ಒಬ್ಬ ಅಪ್ಪನೂ ಇದು ತನಗೆ ಅಂತ ತಿಳ್ಕೊಳ್ಳಲ್ಲ.”

ಬರೆದೆ.

ಬಾಗಿಲ ಕಡೆಯಿಂದ ಅತ್ತಿಗೆ, “ಹೆಂಡತಿ ಅಂತಾನೂ ಸೇರಿಸು,” ಅಂದರು.

ಅಪ್ಪ ತಿರುಗಿ ನೋಡಿದರು.

“ನೀವು ಬಿಳಿ ಮಾಡಿದ್ರಿ, ಸರಿ. ನಾನು ಆ ಬಿಳಿ ಒಂದನ್ನೇ ನಂಬಿ ಗಂಟು ಇಳಿಸಿದೆ. ಮಳೆ ಅಂತ ಬಾಗಿಲು ಹಾಕ್ಕೊಂಡೆ. ಕೊಲ್ಲಿಗೆ ಹೋಗಿದ್ರೆ ಅವರು ಅಲ್ಲಿಲ್ಲ ಅಂತ ಆಗಲೇ ಗೊತ್ತಾಗ್ತಿತ್ತು.” ಅವರ ದನಿ ಏರಲೂ ಇಲ್ಲ, ಒಡೆಯಲೂ ಇಲ್ಲ. “ಇಷ್ಟು ದಿನ ನಿಮ್ಮ ಮುಖ ಯಾಕೆ ನೋಡಲಿಲ್ಲ ಅಂದ್ಕೊಂಡ್ರಿ ಮಾವ? ನೋಡಿದ್ರೆ ಅದನ್ನ ಹೇಳಬೇಕಾಗ್ತಿತ್ತು.”

ಅಪ್ಪ ಬಟ್ಟೆಯ ರಾಶಿಯನ್ನು ಸ್ವಲ್ಪ ಆಚೆ ಸರಿಸಿ ಜಾಗ ಮಾಡಿದರು. ಅತ್ತಿಗೆ ಕೂತರು. ಇಬ್ಬರೂ ಅಳಲಿಲ್ಲ. ಅಳುತ್ತಾರೆಂದು ನಾನು ಕಾದಿದ್ದೆ.

ಕೆಳಗೆ ಬಂದು ಶುದ್ಧಪ್ರತಿ ಬರೆದೆ.

‘ದಡಕ್ಕೆ ಬಂದವನು ತನ್ನ ಬಿಲ್ಲೆಯನ್ನು ತಾನೇ ತಿರುಗಿಸಬೇಕು. ಬೇರೆ ದಡದಲ್ಲಿದ್ದರೆ ತಾನೇ ಫೋನು ಮಾಡಿ ಹೇಳಬೇಕು. ಅವನ ಪರವಾಗಿ ಅಪ್ಪ ತಿರುಗಿಸಬಾರದು. ಹೆಂಡತಿ ತಿರುಗಿಸಬಾರದು. ತಂಗಿ ತಿರುಗಿಸಬಾರದು. ಬಿಲ್ಲೆ ಬಿಳಿಯಾಗಿದ್ದರೂ ಮನೆಯವರು ಅವನ ಮುಖ ನೋಡುವ ತನಕ, ದನಿ ಕೇಳುವ ತನಕ ಬಂದನೆಂದು ತಿಳಿಯಬಾರದು.’

ತಂಗಿ ಎನ್ನುವುದನ್ನು ಯಾರೂ ಹೇಳಿರಲಿಲ್ಲ.

ಏಪ್ರಿಲ್ ೨೪

ಕಾರ್ಯದರ್ಶಿಗಳು ಪುಟವನ್ನು ನಿಂತುಕೊಂಡೇ ಓದಿದರು. “ಅಪ್ಪ, ಹೆಂಡತಿ, ತಂಗಿ ಇಷ್ಟೆಲ್ಲ ಬೇಡಮ್ಮ. ನಿಮ್ಮನೆಯವರನ್ನೇ ಎಳೆದು ತಂದು ನಿಲ್ಲಿಸಿದ ಹಾಗಾಗುತ್ತೆ. ಜನ ಒಂದಕ್ಕೆರಡು ಆಡ್ಕೋತಾರೆ.”

“ಆಡ್ಕೊಳ್ಳಲಿ ಸಾರ್. ಒಂದಕ್ಷರ ತೆಗೀಬೇಡಿ.”

ಅವರು ಕೆಂಪು ಪೆನ್ನಿಗೆ ಮುಚ್ಚಳ ಹಾಕಿದರು. ಪುಟ ಹಾಗೆಯೇ ಮುದ್ರಣಕ್ಕೆ ಹೋಯಿತು. ಸಂಜೆಯ ವರದಿಯ ಕೊನೆಗೆ ರೇಡಿಯೋದಲ್ಲಿಯೂ ಓದಿದೆ, ನಿಧಾನವಾಗಿ, ಎರಡು ಸಲ. ನೀರಿನ ಮೇಲಿದ್ದ ದೋಣಿಗಳು ಒಂದೊಂದಾಗಿ ‘ಕೇಳಿಸಿತು’ ಅಂದವು.

ಮನೆಗೆ ಬಂದಾಗ ಅಪ್ಪ ಬಾಗಿಲಲ್ಲಿ ಕೂತಿದ್ದರು.

“ಹೋಯ್ತಾ?”

“ಹೋಯ್ತು ಅಪ್ಪ.”

“ಯಾರ್‍ಯಾರಿಗೆ ಕೊಡ್ತೀರಿ?”

“ದೋಣಿಗೊಂದು.”

ಅಪ್ಪ ತಲೆಯಾಡಿಸಿದರು. ಅಂಗಳದ ಮೂಲೆಯಲ್ಲಿ ಏನೂ ಇರಲಿಲ್ಲ. ಅಣ್ಣ ದೋಣಿ ಮಗುಚಿ ಹಾಕಿ ಬಣ್ಣ ಬಳಿಯುತ್ತಿದ್ದ ಜಾಗ. ಅದರತ್ತ ನೋಡುತ್ತಿದ್ದವರು, “ನಮ್ಮನೆಗೂ ಒಂದು ತಾ,” ಅಂದರು.

ತರುತ್ತೇನೆ ಎಂದೆ.